ಕಮಾನು ಕಟ್ಟುವ ಮೊದಲು

ಓದುಗರ ಪ್ರಶ್ನೆಗಳಿಗೆ ಉತ್ತರಿಸುವ ಈ ಅಂಕಣಕ್ಕೆ ಕಳೆದ ಕೆಲವು ವಾರಗಳಲ್ಲಿ ಬಂದ ಪತ್ರಗಳಲ್ಲಿ ಹಲವು, ತಾವು ಓದಿದ ಕಾಲೇಜಿನೊಂದಿಗೆ ನಂಟು ಉಳಿಸಿಕೊಳ್ಳುವ ಬಗ್ಗೆಯೇ ಇದ್ದವು. ಹಾಸನದಲ್ಲಿ ಬಹುಕಾಲ ಪಾಠ ಮಾಡಿ ನಿವೃತ್ತನಾದ ನನಗೆ ಇದು ಹತ್ತಿರದ ವಿಷಯ. ಆದ್ದರಿಂದ ಈ ಸಂಚಿಕೆಯನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾನು 1996ರಲ್ಲಿ ಹಾಸನದ ಇಂಜಿನಿಯರಿಂಗ್ ಕಾಲೇಜಿಗೆ ಸೇರಿ 2000ದಲ್ಲಿ ಪದವಿ ಮುಗಿಸಿದೆ. ಇಪ್ಪತ್ತೈದು ವರ್ಷ ತುಂಬಿದ ನೆನಪಿಗೆ ನಮ್ಮ ತಂಡದವರು ಆರು ಲಕ್ಷ ರೂಪಾಯಿ ಕೂಡಿಸಿದ್ದೇವೆ. ಕೆಲವರು ಕಾಲೇಜಿನ ಮುಂದೆ ಸ್ವಾಗತ ಕಮಾನು ಕಟ್ಟಿಸೋಣ ಎನ್ನುತ್ತಾರೆ, ಕೆಲವರು ಕಂಪ್ಯೂಟರ್ ಕೊಡಿಸೋಣ ಎನ್ನುತ್ತಾರೆ. ಯಾವುದು ಸರಿ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಎರಡನ್ನೂ ಸದ್ಯಕ್ಕೆ ಬದಿಗಿಡಿ. ನಿಮ್ಮಲ್ಲಿ ಇಬ್ಬರೋ ಮೂವರೋ, ಯಾವ ಸಮಾರಂಭವೂ ಇಲ್ಲದ ಒಂದು ಸಾಧಾರಣ ಮಂಗಳವಾರ ಕಾಲೇಜಿಗೆ ಹೋಗಿ ಇಡೀ ದಿನ ಅಲ್ಲಿದ್ದು ಬನ್ನಿ. ಪ್ರಾಂಶುಪಾಲರೊಬ್ಬರನ್ನೇ ಕಂಡು ಬಂದರೆ ಸಾಲದು. ಗ್ರಂಥಪಾಲಕರನ್ನು, ವಿದ್ಯಾರ್ಥಿನಿಲಯದ ಮೇಲ್ವಿಚಾರಕರನ್ನು, ಪ್ರಯೋಗಾಲಯದ ಸಹಾಯಕರನ್ನು, ಎಲ್ಲಕ್ಕಿಂತ ಮುಖ್ಯವಾಗಿ ವಿದ್ಯಾರ್ಥಿವೇತನದ ಕಡತ ನೋಡುವ ಗುಮಾಸ್ತರನ್ನು ಕೇಳಿ. ಯಾವ ಹುಡುಗ ಯಾವ ತಿಂಗಳಲ್ಲಿ ಶುಲ್ಕ ಕಟ್ಟಲಾಗದೆ ಕಿಟಕಿಯ ಮುಂದೆ ನಿಂತು ಹಿಂದಕ್ಕೆ ಹೋದ ಎಂಬುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಹೀಗೆ ಹೇಳುವುದಕ್ಕೆ ಕಾರಣವಿದೆ. ನಾನು ಪಾಠ ಮಾಡುತ್ತಿದ್ದ ಒಂದು ಕಾಲೇಜಿನ ಮೊದಲ ಮಹಡಿಯ ಮೊಗಸಾಲೆಯಲ್ಲಿ ಹಳೆಯ ವಿದ್ಯಾರ್ಥಿಗಳ ಒಂದು ತಂಡ ಒಳ್ಳೆಯ ಮನಸ್ಸಿನಿಂದಲೇ ನೀರು ಶುದ್ಧೀಕರಿಸುವ ದೊಡ್ಡ ಯಂತ್ರವೊಂದನ್ನು ಇಡಿಸಿತ್ತು. ಅದರ ಮೇಲೆ ಎಲ್ಲರ ಹೆಸರೂ ಇದ್ದ ಹಿತ್ತಾಳೆಯ ಫಲಕವಿತ್ತು. ವರ್ಷ ಕಳೆದ ಮೇಲೆ ಅದರ ಫಿಲ್ಟರ್ ಬದಲಾಯಿಸಬೇಕಾಯಿತು; ಆ ಖರ್ಚು ಯಾರದೆಂದು ಎಲ್ಲಿಯೂ ಬರೆದಿರಲಿಲ್ಲ, ಕಾಲೇಜಿನ ಆಯವ್ಯಯದಲ್ಲಿ ಅದಕ್ಕೊಂದು ಬಾಬ್ತೂ ಇರಲಿಲ್ಲ. ಫಲಕವನ್ನು ಜವಾನರು ಪ್ರತಿ ಆಯುಧಪೂಜೆಗೆ ಹುಣಸೆಹಣ್ಣು ಹಚ್ಚಿ ಬೆಳಗುತ್ತಿದ್ದರು. ಮಕ್ಕಳು ಮಾತ್ರ ಆ ಒಣಗಿದ ನಲ್ಲಿಯನ್ನು ದಾಟಿಕೊಂಡು ಕೆಳಗಿಳಿದು ಹೋಗಿ ಕ್ಯಾಂಟೀನಿನ ನೀರು ಕುಡಿಯುತ್ತಿದ್ದರು. ಕೊಟ್ಟವರದು ತಪ್ಪಲ್ಲ, ಆದರೆ ಕೊಡುವ ಮೊದಲು ಅವರು ಯಾರನ್ನೂ ಕೇಳಿರಲಿಲ್ಲ. ಕಂಪ್ಯೂಟರಿನ ವಿಷಯದಲ್ಲೂ ಇದೇ ಆತಂಕ ನನಗಿದೆ. ಐದಾರು ವರ್ಷದಲ್ಲಿ ಹಳತಾಗುವ ವಸ್ತುವನ್ನು ಕೊಡುವವರು ಅದರ ನಿರ್ವಹಣೆಯ ಹಣವನ್ನೂ ಜೊತೆಗೇ ಕೊಡಬೇಕು.

ಆರು ಲಕ್ಷವನ್ನು ದತ್ತಿನಿಧಿಯಾಗಿ ಬ್ಯಾಂಕಿನಲ್ಲಿಟ್ಟರೆ, ಬಡ್ಡಿ ಶೇ. 7 ಎಂದುಕೊಂಡರೂ, ವರ್ಷಕ್ಕೆ 42,000 ರೂಪಾಯಿ ಬರುತ್ತದೆ. ಇದನ್ನು ಮೊದಲ ಸ್ಥಾನ ಪಡೆದವರ ಚಿನ್ನದ ಪದಕಕ್ಕೆ ಇಡಬೇಡಿ ಎಂದು ನಾನು ಒತ್ತಾಯದಿಂದ ಹೇಳುತ್ತೇನೆ. ಮೊದಲ ಸ್ಥಾನದ ಮಗುವನ್ನು ಗುರುತಿಸುವವರು ಬೇಕಾದಷ್ಟು ಜನರಿದ್ದಾರೆ. ನಮ್ಮ ಭಾಗದಲ್ಲಿ ಓದು ನಿಲ್ಲುವುದು ಬೇರೆ ಕಡೆ. ಸರ್ಕಾರದ ವಿದ್ಯಾರ್ಥಿವೇತನ ಮಂಜೂರಾಗಿದ್ದರೂ ಅದು ಖಾತೆಗೆ ಬೀಳುವ ಹೊತ್ತಿಗೆ ಶುಲ್ಕದ ಕೊನೆಯ ದಿನ ಎಷ್ಟೋ ಸಲ ಕಳೆದಿರುತ್ತದೆ. ಸಕಲೇಶಪುರ ಮೂಡಿಗೆರೆಗಳ ಕಡೆಯ ಕಾಫಿ ತೋಟದ ಲೈನ್ ಮನೆಗಳಿಂದ ಬರುವ ಮಕ್ಕಳ ಪಾಲಿಗೆ ಇದು ಇನ್ನೂ ಕಷ್ಟ. ಮಳೆಗಾಲದಲ್ಲಿ ತೋಟದ ಕೆಲಸ ಕಡಿಮೆ, ಅರೇಬಿಕಾ ಕೊಯ್ಲು ಶುರುವಾಗುವುದು ನವೆಂಬರಿನ ಹೊತ್ತಿಗೆ, ರೋಬಸ್ಟಾ ಅದಕ್ಕೂ ತಡ. ಆದ್ದರಿಂದ ಪ್ರವೇಶ ಶುಲ್ಕ ಕಟ್ಟುವ ತಿಂಗಳುಗಳಲ್ಲೇ ಮನೆಯಲ್ಲಿ ದುಡ್ಡಿರುವುದಿಲ್ಲ. ಒಂದು ವರ್ಷ ಅಂಥದ್ದೇ ಮನೆಯ ಹುಡುಗನೊಬ್ಬ ಶುಲ್ಕದ ಚಲನ್ ಹಿಡಿದುಕೊಂಡು ನಮ್ಮ ವಿಭಾಗದ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದ. ಚಲನ್ನಿನ ಮೂರು ಪ್ರತಿಗಳಲ್ಲೂ ಹೆಸರು, ತರಗತಿ, ಮೊತ್ತ ಎಲ್ಲವನ್ನೂ ದುಂಡಗೆ ತುಂಬಿದ್ದ. ಬ್ಯಾಂಕಿನ ಮೊಹರು ಮಾತ್ರ ಬಿದ್ದಿರಲಿಲ್ಲ. ‘ಸರ್, ಸಂಕ್ರಾಂತಿ ಆದ ಮೇಲೆ ಕಟ್ಟಬಹುದಾ?’ ಎಂದು ಕೇಳಿದ. ಅವನಿಗೆ ಬೇಕಾಗಿದ್ದದ್ದು ದಾನವಲ್ಲ, ಮೂರು ತಿಂಗಳ ಕೈಗಡ.

ಆದ್ದರಿಂದ ನಿಮ್ಮ ನಿಧಿಯ ಒಂದು ಭಾಗವನ್ನು ಬಡ್ಡಿಯಿಲ್ಲದ ಕೈಗಡದ ನಿಧಿಯಾಗಿ ಇಡಬಹುದೇ ಎಂದು ಯೋಚಿಸಿ. ವಿದ್ಯಾರ್ಥಿವೇತನ ಬಂದಾಗ ವಿದ್ಯಾರ್ಥಿ ಹಿಂದಿರುಗಿಸಲಿ, ಅದೇ ಹಣ ಮರುವರ್ಷ ಮತ್ತೊಬ್ಬರಿಗೆ ಹೋಗಲಿ. ಹಿಂದಿರುಗಿಸಲಾಗದವರು ಇದ್ದೇ ಇರುತ್ತಾರೆ. ಬಡ್ಡಿಯ ಹಣದಿಂದ ಆ ಕೊರತೆಯನ್ನು ತುಂಬಿ, ಯಾರನ್ನೂ ಕರೆದು ಕೇಳಬೇಡಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಹೆಣ್ಣುಮಕ್ಕಳ ಬಸ್ ಖರ್ಚು ಬಹುಮಟ್ಟಿಗೆ ತಪ್ಪಿದೆ, ಆದರೆ ಅರಕಲಗೂಡಿನಿಂದಲೋ ಅರಸೀಕೆರೆಯಿಂದಲೋ ದಿನವೂ ಬರುವ ಬಡ ಹುಡುಗರಿಗೆ ಪಾಸಿನ ಹಣವೂ ಭಾರವೇ. ಇಂಥ ಸಣ್ಣ ಖರ್ಚುಗಳನ್ನು ಪಟ್ಟಿಗೆ ಸೇರಿಸಿ.

ದತ್ತಿಯ ಕರಾರು ಪತ್ರವನ್ನು ಚೆನ್ನಾಗಿ ಯೋಚಿಸಿ ಬರೆಯಿರಿ. ಹಣ ಯಾರ ಹೆಸರಿನಲ್ಲಿರುತ್ತದೆ, ಯಾರಿಬ್ಬರ ಸಹಿ ಬೇಕು, ಬಡ್ಡಿ ಇಳಿದರೆ ಏನು ಮಾಡಬೇಕು, ವರ್ಷಕ್ಕೊಮ್ಮೆ ಲೆಕ್ಕವನ್ನು ಯಾರಿಗೆ ಕಳುಹಿಸಬೇಕು ಎಂಬುದೆಲ್ಲ ಅದರಲ್ಲಿರಲಿ. ಪ್ರಾಂಶುಪಾಲರು ಬದಲಾಗುತ್ತಾರೆ, ನಿಮ್ಮ ತಂಡದ ಉತ್ಸಾಹಿಗಳೂ ಬದಲಾಗುತ್ತಾರೆ, ಉಳಿಯುವುದು ಕಾಗದ ಮಾತ್ರ.

ಇನ್ನೂ ಒಂದು ಮಾತು. ನಿಮಗೆ ಹಣಕ್ಕಿಂತ ಹೆಚ್ಚಾಗಿ ಕೊಡಲು ಸಾಧ್ಯವಾಗುವುದು ನಿಮ್ಮ ಕೆಲಸದ ಜಾಗದ ಬಾಗಿಲು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಶುರುವಾಗುವ ಮೊದಲೇ ಸೇರಿದ ನಿಮ್ಮ ತಂಡ ಮೈಸೂರು ವಿಶ್ವವಿದ್ಯಾಲಯದ ಪಠ್ಯ ಓದಿದ ಕಾಲದಲ್ಲಿ ಇಂಟರ್ನ್‌ಶಿಪ್ ಎಂಬ ಮಾತನ್ನು ಯಾರೂ ಹೆಚ್ಚಾಗಿ ಆಡುತ್ತಿರಲಿಲ್ಲ. ಈಗ ಅದು ಪಠ್ಯದ ಭಾಗ. ಬೆಂಗಳೂರಿನಲ್ಲಿ ಪರಿಚಯದವರಿಲ್ಲದ ಮಕ್ಕಳು ಅದಕ್ಕಾಗಿ ದುಡ್ಡು ಕೊಟ್ಟು ಪ್ರಮಾಣಪತ್ರ ಕೊಂಡುಕೊಳ್ಳುವುದನ್ನು ಕಂಡು ನನಗೆ ಸಂಕಟವಾಗಿದೆ. ನಿಮ್ಮ ತಂಡದ ಹತ್ತು ಜನ ವರ್ಷಕ್ಕೆ ಇಬ್ಬಿಬ್ಬರನ್ನು ತೆಗೆದುಕೊಂಡು ನಿಜವಾದ ಕೆಲಸ ಕಲಿಸಿದರೆ ಇಪ್ಪತ್ತು ಮನೆಗಳ ಗತಿ ಬದಲಾದೀತು.

ಸಮ್ಮಿಲನವನ್ನು ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳಲ್ಲಿ ಇಟ್ಟುಕೊಳ್ಳಬೇಡಿ. ದರ್ಶನವೂ ಆದೀತೆಂಬ ಆಸೆಯಿಂದ ಪ್ರತಿ ವರ್ಷ ಯಾರಾದರೂ ಹಾಗೆ ಮಾಡಿ, ಊರಲ್ಲಿ ಒಂದು ಕೊಠಡಿಯೂ ಸಿಗದೆ ಒದ್ದಾಡುತ್ತಾರೆ.

ಪ್ರಶ್ನೆ: ನಾನು 1994ರಲ್ಲಿ ಹಾಸನದಲ್ಲಿ ಬಿ.ಎ. ಮುಗಿಸಿದವಳು, ಬೇಲೂರಿನಲ್ಲಿ ಹೊಲಿಗೆ ಅಂಗಡಿ ನಡೆಸುತ್ತಿದ್ದೇನೆ. ಸಹಪಾಠಿಗಳು ವಾಟ್ಸ್ಆ್ಯಪ್ ಗುಂಪು ಮಾಡಿ ತಲಾ ಐದು ಸಾವಿರ ಕೇಳಿದರು. ಕೊಟ್ಟವರ ಹೆಸರನ್ನು ದಿನವೂ ಹಾಕುತ್ತಿದ್ದರು. ಕೊಡಲಾಗದೆ ನಾಚಿಕೆಯಾಗಿ ಗುಂಪಿನಿಂದ ಹೊರಬಂದೆ. ಹಣವಿಲ್ಲದ ನನ್ನಂಥವರು ಕಾಲೇಜಿಗೆ ಏನು ಮಾಡಬಹುದು?
– ಓದುಗರೊಬ್ಬರು, ಬೇಲೂರು

ಉತ್ತರ: ಮೊದಲಿಗೆ, ನಾಚಿಕೆಪಡಬೇಕಾದವರು ನೀವಲ್ಲ. ಕೊಟ್ಟವರ ಹೆಸರನ್ನು ಮೊತ್ತದೊಂದಿಗೆ ದಿನವೂ ಪ್ರಕಟಿಸುವ ಪದ್ಧತಿ ಎಷ್ಟು ಜನರನ್ನು ಮೌನವಾಗಿ ದೂರ ಮಾಡುತ್ತದೆ ಎಂಬುದು ಅದನ್ನು ಮಾಡುವವರಿಗೆ ತಿಳಿಯುವುದೇ ಇಲ್ಲ. ಒಟ್ಟು ಎಷ್ಟು ಬಂತು, ಎಷ್ಟು ಖರ್ಚಾಯಿತು ಎಂಬ ಲೆಕ್ಕ ಎಲ್ಲರಿಗೂ ಕಾಣಲಿ. ಯಾರು ಎಷ್ಟು ಕೊಟ್ಟರು ಎಂಬುದು ಖಜಾಂಚಿಯ ಪುಸ್ತಕದಲ್ಲಿದ್ದರೆ ಸಾಕು. ನಿಮ್ಮ ಗುಂಪಿನವರು ಈ ಅಂಕಣ ಓದುತ್ತಿದ್ದರೆ ದಯವಿಟ್ಟು ಇಂದೇ ಇದನ್ನು ಸರಿಪಡಿಸಲಿ.

ನಿಮ್ಮ ಹತ್ತಿರ ಬೆಂಗಳೂರಿನ ಸಹಪಾಠಿಗಳಲ್ಲಿ ಯಾರ ಬಳಿಯೂ ಇಲ್ಲದ ಒಂದು ಸಂಪತ್ತಿದೆ. ನಿಮ್ಮ ಅಂಗಡಿಗೆ ರವಿಕೆ ಹೊಲಿಸಲು ಬರುವ ತಾಯಂದಿರ ಮಾತಿನಿಂದಲೇ, ಪಿಯುಸಿ ಪಾಸಾದ ಯಾವ ಹುಡುಗಿಯನ್ನು ಮುಂದೆ ಓದಿಸುತ್ತಾರೆ, ಯಾರ ಮನೆಯಲ್ಲಿ ಗಂಡು ಹುಡುಕುತ್ತಿದ್ದಾರೆ ಎಂಬುದು ನಿಮಗೆ ತಿಳಿಯುತ್ತದೆ. ಫಲಿತಾಂಶ ಬಂದ ವಾರದಲ್ಲಿ ಅಂಥ ಒಂದು ಮನೆಗೆ ನೀವು ಹೋಗಿ, ‘ನಾನೂ ಅಲ್ಲೇ ಓದಿದವಳು, ಬಸ್ಸು ಇಷ್ಟು ಹೊತ್ತಿಗೆ ಇದೆ, ಸಂಜೆ ಇಷ್ಟು ಹೊತ್ತಿಗೆ ಮನೆ ಸೇರಬಹುದು’ ಎಂದು ಹೇಳಿದರೆ, ಆ ಮಾತಿಗಿರುವ ತೂಕ ಕಾಲೇಜಿನ ಯಾವ ಜಾಹೀರಾತಿಗೂ ಇರುವುದಿಲ್ಲ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳಿಗೆ ನಾಡಕಚೇರಿಯಲ್ಲಿ ಮೊದಲೇ ಅರ್ಜಿ ಹಾಕಿಸಿ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಇದೆಯೇ ಎಂದು ವಿಚಾರಿಸಿ, ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕುವುದನ್ನು ನೆನಪಿಸಿ. ಹೆಸರಿನ ಒಂದು ಅಕ್ಷರ ಆಧಾರ್‌ನಲ್ಲಿ ಒಂದು ತರ, ಅಂಕಪಟ್ಟಿಯಲ್ಲಿ ಇನ್ನೊಂದು ತರ ಇದ್ದ ಕಾರಣಕ್ಕೆ ವರ್ಷದ ವಿದ್ಯಾರ್ಥಿವೇತನವನ್ನೇ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಮುಂಚೆಯೇ ನೋಡಿ ಹೇಳುವ ಒಬ್ಬ ಹಿರಿಯಕ್ಕ ಇದ್ದಿದ್ದರೆ ಅದು ತಪ್ಪುತ್ತಿತ್ತು. ವರ್ಷಕ್ಕೆ ಇಬ್ಬರು ಹುಡುಗಿಯರನ್ನು ಹೀಗೆ ಕಾಲೇಜಿನ ಬಾಗಿಲವರೆಗೆ ಮುಟ್ಟಿಸಿ. ಐದು ಸಾವಿರ ಕೊಟ್ಟವರಿಗಿಂತ ನೀವು ಹೆಚ್ಚು ಕೊಟ್ಟಂತೆ ಎಂದು ನಾನು ಮನಸಾರೆ ನಂಬುತ್ತೇನೆ.

ಪ್ರಶ್ನೆ: ನಮ್ಮ ಕಾಲೇಜು, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ತಂಡ ಬರುವಾಗ ಮಾತ್ರ ಹಳೆಯ ವಿದ್ಯಾರ್ಥಿಗಳನ್ನು ಕರೆಯುತ್ತದೆ, ಆಮೇಲೆ ಮರೆಯುತ್ತದೆ. ಹಿಂದೆ ಕೊಟ್ಟ ಹಣದ ಲೆಕ್ಕವನ್ನೂ ಯಾರೂ ಕೊಡಲಿಲ್ಲ. ಮತ್ತೆ ಏಕೆ ಹೋಗಬೇಕು? ಕೊಟ್ಟ ಹಣಕ್ಕೆ ತೆರಿಗೆ ವಿನಾಯಿತಿಯಾದರೂ ಸಿಗುತ್ತದೆಯೇ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ನಿಮ್ಮ ಬೇಸರ ನ್ಯಾಯವಾದದ್ದು, ಮತ್ತು ಕಾಲೇಜುಗಳು ಇದನ್ನು ಕಿವಿಗೊಟ್ಟು ಕೇಳಬೇಕು. 1994ರಲ್ಲಿ ಸ್ಥಾಪನೆಯಾದ ನ್ಯಾಕ್ ತನ್ನ ಏಳು ಮಾನದಂಡಗಳಲ್ಲಿ ಐದನೆಯದಾದ ವಿದ್ಯಾರ್ಥಿ ಬೆಂಬಲದ ಅಡಿಯಲ್ಲಿ ಹಳೆಯ ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆಯನ್ನೂ ಇಟ್ಟಿತು. ಉದ್ದೇಶ ಒಳ್ಳೆಯದೇ, ಆದರೆ ಹಲವೆಡೆ ಅದು ಸಹಿ ಪುಸ್ತಕ ಮತ್ತು ಛಾಯಾಚಿತ್ರಕ್ಕೆ ಇಳಿದುಬಿಟ್ಟಿದೆ.

ಆದರೆ ಹಕ್ಕಿನಿಂದ ಲೆಕ್ಕ ಕೇಳಬೇಕಾದರೆ ಸಂಘ ನಿಮ್ಮದಾಗಿರಬೇಕು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿದರೆ ಸಂಘವನ್ನು ನೋಂದಾಯಿಸಬಹುದು. ಪ್ರತ್ಯೇಕ ಬ್ಯಾಂಕ್ ಖಾತೆ, ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ, ಲೆಕ್ಕಪರಿಶೋಧನೆ ಇವುಗಳಿದ್ದರೆ ಹಣ ಎಲ್ಲಿ ಹೋಯಿತೆಂಬ ಪ್ರಶ್ನೆ ಏಳುವ ಅವಕಾಶ ಕಡಿಮೆ. ಸರ್ಕಾರಿ ಕಾಲೇಜಾದರೆ ಕಾಲೇಜು ಅಭಿವೃದ್ಧಿ ಸಮಿತಿಯ ಗಮನಕ್ಕೆ ತಂದು ಕೆಲಸ ಮಾಡಿ. ಒಬ್ಬರೇ ಹೊರಗೆ ನಿಂತು ದೂರುವುದಕ್ಕಿಂತ ಏಳು ಜನ ಒಳಗೆ ಕುಳಿತು ಕೇಳುವುದು ಪರಿಣಾಮಕಾರಿ. ಏಕೆ ಹೋಗಬೇಕು ಎಂದಿರಿ. ಅಂದು ಲೆಕ್ಕ ಕೊಡದವರು ಈಗ ಅಲ್ಲಿರದೆ ಇರಬಹುದು, ಮೊದಲ ವರ್ಷಕ್ಕೆ ಸೇರಿದ ಮಕ್ಕಳು ಮಾತ್ರ ಇದ್ದಾರೆ, ಅವರಿಗೆ ಈ ಹಳೆಯ ಜಗಳದ ಸುಳಿವೂ ಇಲ್ಲ.

ತೆರಿಗೆಯ ಬಗ್ಗೆಯೂ ಕೇಳಿದ್ದೀರಿ. ಸಂಘ ನೋಂದಣಿಯಾದ ಮಾತ್ರಕ್ಕೆ ವಿನಾಯಿತಿ ಸಿಗುವುದಿಲ್ಲ. 80ಜಿ ಎಂದೇ ಜನ ಕರೆಯುವ ಅನುಮೋದನೆಯನ್ನು ಆದಾಯ ತೆರಿಗೆ ಇಲಾಖೆಯಿಂದ ಬೇರೆಯಾಗಿ ಪಡೆಯಬೇಕು. 2,000 ರೂಪಾಯಿಗಿಂತ ಹೆಚ್ಚಿನ ನಗದು ದಾನಕ್ಕೆ ವಿನಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೂ ಇಲ್ಲ.

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ಓದಿ ಈಗ ಅಮೆರಿಕದಲ್ಲಿದ್ದೇನೆ. ಕಾಲೇಜಿಗೆ ಇಲ್ಲಿಂದ ನೇರವಾಗಿ ಹಣ ಕಳುಹಿಸಬಹುದೇ?
– ಓದುಗರೊಬ್ಬರು, ಟೆಕ್ಸಾಸ್

ಉತ್ತರ: ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು ಎಂಬುದರ ಮೇಲೆ ಇದು ನಿಂತಿದೆ. ನೀವು ಇನ್ನೂ ಭಾರತದ ಪ್ರಜೆಯಾಗಿದ್ದರೆ, ನಿಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸುವ ಹಣ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ಲೆಕ್ಕದಲ್ಲಿ ವಿದೇಶಿ ವಂತಿಗೆ ಆಗುವುದಿಲ್ಲ. ಅಮೆರಿಕದ ಪೌರತ್ವ ಪಡೆದಿದ್ದರೆ, ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡ್ ಇದ್ದರೂ ಸಹ, ಅದು ವಿದೇಶಿ ವಂತಿಗೆಯೇ. ಆಗ ಹಣ ಪಡೆಯುವ ಸಂಸ್ಥೆಗೆ ಆ ಕಾಯ್ದೆಯಡಿ ನೋಂದಣಿಯೋ ಪೂರ್ವಾನುಮತಿಯೋ ಇರಬೇಕು, ಮತ್ತು 2020ರ ತಿದ್ದುಪಡಿಯ ಪ್ರಕಾರ ಹಣ ಮೊದಲು ಭಾರತೀಯ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯಲ್ಲಿರುವ ಅದರ ಖಾತೆಗೇ ಬರಬೇಕು. ಗೆಳೆಯರ ಖಾತೆಗೆ ಹಾಕಿ ಅಲ್ಲಿಂದ ದಾಟಿಸುವ ಬಳಸುದಾರಿ ಬೇಡ. ತೊಂದರೆ ಬಂದರೆ ಅದು ನಿಮಗಲ್ಲ, ಕಾಲೇಜಿಗೆ. ಸಮಯದ ವ್ಯತ್ಯಾಸ ಹೊಂದಿಸಿಕೊಂಡು ತಿಂಗಳಿಗೊಂದು ಶನಿವಾರ ನಾಲ್ಕು ವಿದ್ಯಾರ್ಥಿಗಳ ಜೊತೆ ಮಾತನಾಡುವುದಕ್ಕೆ ಯಾವ ಅನುಮತಿಯೂ ಬೇಕಿಲ್ಲ.

ಪ್ರಶ್ನೆ: ಕಳೆದ ವರ್ಷ ಬಿ.ಎಸ್ಸಿ. ಮುಗಿಸಿದೆ, ಇನ್ನೂ ಕೆಲಸವಿಲ್ಲ. ಹಳೆಯ ವಿದ್ಯಾರ್ಥಿಗಳ ಸಭೆಗೆ ಕರೆ ಬಂದಿದೆ, ಹೋಗಲು ಮುಜುಗರ.
– ಓದುಗರೊಬ್ಬರು, ಹೊಳೆನರಸೀಪುರ

ಉತ್ತರ: ಹೋಗಿ. ಮೂರನೇ ವರ್ಷದ ಮಕ್ಕಳಿಗೆ ಈಗ ಬೇಕಾಗಿರುವುದು ಮೂವತ್ತು ವರ್ಷದ ಹಿಂದೆ ಗೆದ್ದವರ ಭಾಷಣಕ್ಕಿಂತ, ಕಳೆದ ವರ್ಷ ಅದೇ ಬೆಂಚಿನಲ್ಲಿ ಕುಳಿತಿದ್ದವರ ಅನುಭವ. ಯಾವ ಸ್ಪರ್ಧಾತ್ಮಕ ಪರೀಕ್ಷೆ ಬರೆದಿರಿ, ಎಲ್ಲಿ ಎಡವಿದಿರಿ, ಸ್ನಾತಕೋತ್ತರ ಪ್ರವೇಶದ ಅರ್ಜಿಯಲ್ಲಿ ಯಾವ ದಾಖಲೆ ಕಡಿಮೆ ಬಿತ್ತು ಎಂಬುದನ್ನು ಇದ್ದದ್ದು ಇದ್ದ ಹಾಗೆ ಹೇಳಿ. ನಿಮ್ಮ ಅಧ್ಯಾಪಕರಿಗೂ ನಿಮ್ಮ ಪರಿಸ್ಥಿತಿ ತಿಳಿಸಿ. ಕೆಲಸದ ಸುದ್ದಿ ಅವರ ಕಿವಿಗೆ ಬಿದ್ದಾಗ ಮೊದಲು ನೆನಪಾಗುವುದು ಈಚೆಗೆ ಕಂಡ ಮುಖ. ಸಭೆಗೆ ಹೋಗುವಾಗ ನಿಮ್ಮ ಪ್ರಾಯೋಗಿಕ ದಾಖಲೆ ಪುಸ್ತಕ ಮನೆಯಲ್ಲಿದ್ದರೆ ತೆಗೆದುಕೊಂಡು ಹೋಗಿ ಪ್ರಯೋಗಾಲಯದಲ್ಲಿ ಕೊಟ್ಟು ಬನ್ನಿ. ಅಚ್ಚುಕಟ್ಟಾಗಿ ಚಿತ್ರ ಬರೆದ ಒಂದು ಹಳೆಯ ಪುಸ್ತಕಕ್ಕಾಗಿ ಅಲ್ಲಿ ಪ್ರತಿ ವರ್ಷ ಮಕ್ಕಳು ಹುಡುಕಾಡುತ್ತಾರೆ.