ಮನೆಯಲ್ಲೇ ರೆಕಾರ್ಡ್ ಮಾಡಿದ ಹಾಡುಗಳನ್ನು ಗುರುತಿಲ್ಲದವರಿಗೆ ಕೇಳಿಸಬೇಕೇ? ಅವರು ಹೇಳಿದ್ದನ್ನು ಎಷ್ಟು ಮನಸ್ಸಿಗೆ ತೆಗೆದುಕೊಳ್ಳಬೇಕು?

ಕೇಳಿಸಿ, ಖಂಡಿತ ಕೇಳಿಸಿ. ಎರಡು ವರ್ಷದಿಂದ ಹಾಡು ಬರೆದು, ರಾಗ ಕೂಡಿಸಿ, ಮೊಬೈಲಿನಲ್ಲಿ ಹಾಡಿಟ್ಟುಕೊಂಡಿದ್ದೀರಿ. ಗೆಳೆಯರೆಲ್ಲ 'ಸೂಪರ್' ಅಂದರು, ಯಾರೋ ಒಬ್ಬರು 'ಧ್ವನಿ ಚೆನ್ನಾಗಿಲ್ಲ' ಅಂದರು, ಅಂದಿನಿಂದ ಪೆನ್ನು ಹಿಡಿಯಲು ಮನಸ್ಸಾಗುತ್ತಿಲ್ಲ ಅಂತ ಬರೆದಿದ್ದೀರಿ. ಓದಿ ಸಂಕಟವಾಯಿತು, ಏಕೆಂದರೆ ನಾನೂ ಅಲ್ಲೇ ನಿಂತು ಬಂದವನು.

ನನ್ನದು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ಒಂದು ಹಳ್ಳಿ. ಹಗಲು ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುತ್ತೇನೆ, ರಾತ್ರಿ ಊಟವಾದ ಮೇಲೆ ಹಾಡು. ಚಿಕ್ಕಂದಿನಲ್ಲಿ ಎರಡು ವರ್ಷ ಹಾರ್ಮೋನಿಯಂ ಕಲಿತದ್ದು ಬಿಟ್ಟರೆ ಬೇರೆ ಪಾಠವಿಲ್ಲ. ಆರು ವರ್ಷದಲ್ಲಿ ಇಪ್ಪತ್ತಮೂರು ಹಾಡು ಮಾಡಿದ್ದೇನೆ. ನನಗೆ ಹಾಡು ಬರೆಯುವುದನ್ನು ಕಲಿಸಿದವರು ಬಹುಪಾಲು ನಾನು ಮುಖ ನೋಡದ ಕೇಳುಗರು.

ಒಂದು ಉದಾಹರಣೆ ಹೇಳುತ್ತೇನೆ. ನಸುಕಿನಲ್ಲಿ ಅಮ್ಮ ಮೊಸರು ಕಡೆಯುವಾಗ ಬಳೆ ಸದ್ದಾಗುತ್ತಿತ್ತಲ್ಲ, ಅದರ ಮೇಲೆ ಒಂದು ಹಾಡು ಬರೆದಿದ್ದೆ. ಪಲ್ಲವಿ ಹೀಗಿತ್ತು: 'ನಸುಕಲಿ ಕೇಳಿದೆ ಅಮ್ಮನ ಬಳೆ'. ಸಾಹಿತ್ಯ ಕೊಡದೆ ಬರೀ ಧ್ವನಿಯನ್ನು, ಹಾಡು ಹಂಚಿಕೊಳ್ಳುವ ಜಾಲತಾಣ ಸೌಂಡ್‌ಕ್ಲೌಡ್‌ಗೆ ಹಾಕಿದೆ. ನಾಲ್ಕನೇ ದಿನ ಮಸ್ಕತ್‌ನಲ್ಲಿರುವ, ಕುಂದಾಪುರದ ಕಡೆಯ ಒಬ್ಬರು ಬರೆದರು: 'ರಾಗ ತುಂಬಾ ಹಿಡಿಸಿತು. ಆದರೆ 22ನೇ ಸೆಕೆಂಡಿನಲ್ಲಿ ಅಮ್ಮನ ಬಾಳೆ ಅಂತ ಕೇಳುತ್ತದೆ. ಬಾಳೆ ತೋಟದ ಹಾಡು ಅಂದುಕೊಂಡೇ ಮೊದಲ ಚರಣ ಮುಗಿಸಿದೆ.'

ನನಗೆ ಸಿಟ್ಟು ಬಂತು. 'ರಾಗಕ್ಕಾಗಿ ಎಳೆದಿದ್ದೇನೆ, ಸಂದರ್ಭದಿಂದ ಅರ್ಥವಾಗಬೇಕು' ಅಂತ ಉತ್ತರ ಬರೆಯಲು ಶುರುಮಾಡಿ, ಕಳಿಸುವ ಮೊದಲು ಇಯರ್‌ಫೋನ್ ಹಾಕಿ ಒಮ್ಮೆ ಕೇಳಿದೆ. ಅವರು ಹೇಳಿದ್ದು ಸರಿ. ಬಾಳೆಯೇ.

ಯಾಕೆ ಹಾಗಾಯಿತು ಅಂತ ಬೆರಳು ಮಡಿಸಿ ಲೆಕ್ಕ ಹಾಕಿದೆ. ನನ್ನ ತಾಳ ನಾಲ್ಕು ಮಾತ್ರೆಯ ನಡೆ. ಮಾತ್ರೆ ಅಂದರೆ ಒಂದು ಹ್ರಸ್ವ ಅಕ್ಷರ ಹೇಳುವಷ್ಟು ಹೊತ್ತು; ಲಘುವಿಗೆ ಒಂದು, ಗುರುವಿಗೆ ಎರಡು. 'ನಸುಕಲಿ' ನಾಲ್ಕು ಲಘು, ನಾಲ್ಕು ಮಾತ್ರೆ. 'ಕೇಳಿದೆ' ಒಂದು ಗುರು ಎರಡು ಲಘು, ನಾಲ್ಕು. 'ಅಮ್ಮನ'ದಲ್ಲಿ ಒತ್ತಕ್ಷರದ ಹಿಂದಿನ 'ಅ' ಗುರುವಾಗುವುದರಿಂದ ಅದೂ ನಾಲ್ಕು. ಕೊನೆಗೆ 'ಬಳೆ' ಎರಡೇ. ಉಳಿದ ಎರಡು ಮಾತ್ರೆ ತುಂಬಿಸಲು ನಾನು 'ಬ'ವನ್ನು ಎಳೆದಿದ್ದೆ, ಎಳೆದ ಕೂಡಲೇ ಪದವೇ ಬೇರೆಯಾಯಿತು. ಕನ್ನಡದಲ್ಲಿ ಇದು ತಪ್ಪಿದ್ದಲ್ಲ: ಕೊಡು ಎಳೆದರೆ ಕೋಡು, ಬೆಳೆ ಎಳೆದರೆ ಬೇಳೆ, ನಡು ಎಳೆದರೆ ನಾಡು. ಹ್ರಸ್ವ ದೀರ್ಘಗಳೇ ಅರ್ಥ ಹೊರುವ ಭಾಷೆಯಲ್ಲಿ ರಾಗ ಹಾಕುವವನು ಎಲ್ಲಿ ಎಳೆಯುತ್ತೇನೆ ಅಂತ ನೋಡಿಕೊಳ್ಳಲೇಬೇಕು. ಎರಡು ದಿನ ಗುನುಗಿದ ಮೇಲೆ 'ಅಮ್ಮನ ಕೈಬಳೆ' ಅಂತ ಬದಲಿಸಿದೆ. 'ಕೈ' ಹೇಗೂ ಗುರು, ರಾಗದ ಉದ್ದ ಸ್ವರ ಅದರ ಮೇಲೆ ಕೂತಿತು, ಬ-ಳೆ ಎರಡೂ ಚಿಕ್ಕದಾಗಿ ಉಳಿದವು. ಅಮ್ಮನ ಕೈ ಕೂಡ ಹಾಡಿನೊಳಗೆ ಬಂತು. ಅದು ನನಗೆ ಮೊದಲು ಹೊಳೆದೇ ಇರಲಿಲ್ಲ.

ಸಾಹಿತ್ಯ ಬರೆದವನ ಕಿವಿಗೆ ಇದು ಸಿಕ್ಕುವುದೇ ಇಲ್ಲ. ನಮಗೆ ಪದ ಮೊದಲೇ ಗೊತ್ತಿರುತ್ತದೆ, ಹಾಗಾಗಿ ಹಾಡಿದ್ದೆಲ್ಲ ಸರಿಯಾಗಿಯೇ ಕೇಳುತ್ತದೆ. ಮನೆಯವರಿಗೂ ಅಷ್ಟೆ, ನೀವು ಹತ್ತು ಸಲ ಗುನುಗಿದ್ದನ್ನು ಅವರು ಕೇಳಿರುತ್ತಾರೆ. ಅವರ 'ಸೂಪರ್' ಪ್ರೀತಿಯ ಮಾತು. ಅದು ಬೇಕು, ಅದಿಲ್ಲದೆ ನಾನು ಮೂರನೇ ಹಾಡಿಗೇ ನಿಲ್ಲಿಸಿರುತ್ತಿದ್ದೆ. ಆದರೆ ತಿದ್ದಲು ಅದರಿಂದ ಏನೂ ಸಿಗುವುದಿಲ್ಲ. ಹಾಗಾಗಿ ಈಗ ಸಾಹಿತ್ಯ ಕೊಡದೆ ಹಾಡು ಕಳಿಸಿ, 'ಪಲ್ಲವಿ ನಿಮಗೆ ಕೇಳಿಸಿದಂತೆ ಬರೆದು ಕಳಿಸಿ' ಅಂತ ಒಂದೇ ಮಾತು ಕೇಳುತ್ತೇನೆ. 'ಹೇಗಿದೆ?' ಅಂದರೆ 'ಚೆನ್ನಾಗಿದೆ' ಅಂತಲೇ ಬರುತ್ತದೆ, ಬೇರೇನು ಹೇಳಿಯಾರು ಪಾಪ.

ಇನ್ನು ನಿಮಗೆ ಬಂದ 'ಧ್ವನಿ ಚೆನ್ನಾಗಿಲ್ಲ'. ಅದೇ ಮಾತು ನನಗೂ ಬಂದಿತ್ತು, ಒಂದು ತಿಂಗಳು ಹಾಡಲಿಲ್ಲ. ಆಮೇಲೆ ಗೊತ್ತಾಗಿದ್ದು: ಆ ಮಾತಿನಲ್ಲಿ ನಾಲ್ಕು ಬೇರೆ ಬೇರೆ ವಿಷಯ ಕಲಸಿಹೋಗಿರುತ್ತದೆ. ಸಾಹಿತ್ಯ, ರಾಗಸಂಯೋಜನೆ, ಗಾಯನ, ಧ್ವನಿಮುದ್ರಣ. ನಮ್ಮ ಸುಗಮ ಸಂಗೀತದಲ್ಲಿ ಕವಿ ಒಬ್ಬರು, ರಾಗ ಹಾಕಿದವರು ಇನ್ನೊಬ್ಬರು, ಹಾಡಿದವರು ಮತ್ತೊಬ್ಬರು ಇರುವುದು ಸಾಮಾನ್ಯ. ನೀವು ಮೂರನ್ನೂ ಒಬ್ಬರೇ ಹೊತ್ತು, ಜೊತೆಗೆ ರೆಕಾರ್ಡಿಂಗನ್ನೂ ಮಾಡುತ್ತಿದ್ದೀರಿ. ಒಂದು ಕಡೆ ಕುಂದಿದರೆ ಹಾಡೇ ಕೆಟ್ಟದ್ದು ಅಂತ ಅಲ್ಲ. ನನ್ನದರಲ್ಲಿ ಶ್ರುತಿ ಎತ್ತರವಾಗಿತ್ತು. ಬಿಳಿ ಎರಡರಲ್ಲಿ, ಅಂದರೆ ಹಾರ್ಮೋನಿಯಂನ ಎರಡನೇ ಬಿಳಿ ಮನೆಯ ಶ್ರುತಿಯಲ್ಲಿ ಹಾಡುತ್ತಿದ್ದೆ, ತಾರಸ್ಥಾಯಿಯ ಎತ್ತರದ ಸ್ವರಗಳಿಗೆ ಹೋದಾಗ ಗಂಟಲು ಬಿಗಿಯುತ್ತಿತ್ತು. ಬಿಳಿ ಒಂದಕ್ಕೆ ಇಳಿಸಿದೆ. ಅದೇ ಗಂಟಲು, ಅದೇ ಹಾಡು. ಆದರೂ ಆಮೇಲೆ ಆ ದೂರು ಬರಲಿಲ್ಲ.

ರೆಕಾರ್ಡಿಂಗ್ ವಿಷಯ ಬೇಗ ಹೇಳಿಬಿಡುತ್ತೇನೆ. ಬಾಯಿಯಿಂದ ಒಂದು ಗೇಣು ದೂರ, ನೇರ ಎದುರಿಗಲ್ಲದೆ ಸ್ವಲ್ಪ ಪಕ್ಕಕ್ಕೆ ಫೋನ್ ಇಡಿ. ಪ, ಬ, ಭ ಬಂದಾಗ ಉಸಿರು ಬಡಿಯುವುದು ಸಾಕಷ್ಟು ತಗ್ಗುತ್ತದೆ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದರ ಕಡೆ ಮುಖ ಮಾಡಿ ಹಾಡಿದರೆ ಗೋಡೆಯ ಮಾರ್ದನಿ ಹೀರಿಕೊಳ್ಳುತ್ತದೆ. ಬೆನ್ನ ಹಿಂದೆ ಒಂದು ಕಂಬಳಿ ನೇತುಹಾಕಿದರೆ ಇನ್ನೂ ಒಳ್ಳೆಯದು. ಫ್ಯಾನ್ ಆರಿಸಿ. ಶ್ರುತಿ ಅಥವಾ ತಾಳ ಕೇಳುತ್ತಾ ಹಾಡುವುದಾದರೆ ವೈರ್ ಇರುವ ಇಯರ್‌ಫೋನೇ ಬೇಕು, ಬ್ಲೂಟೂತ್‌ನಲ್ಲಿ ಸದ್ದು ತಡವಾಗಿ ಬಂದು ತಾಳ ತಪ್ಪುತ್ತದೆ. ಕಂಪ್ಯೂಟರ್ ಇದ್ದರೆ ಆಡಾಸಿಟಿ ಅನ್ನುವ ರೆಕಾರ್ಡಿಂಗ್ ತಂತ್ರಾಂಶ ಸಾಕು, ದುಡ್ಡು ಕೊಡಬೇಕಿಲ್ಲ. ವಾಟ್ಸಾಪ್‌ನಲ್ಲಿ ಕಳಿಸುವಾಗ ವಾಯ್ಸ್ ಮೆಸೇಜ್ ಆಗಿ ಹಾಡಬೇಡಿ, ಅದು ಮಾತಿಗೆಂದು ಧ್ವನಿಯನ್ನು ಹಿಂಡಿ ಕಳಿಸುತ್ತದೆ. ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಿ, ಇದ್ದದ್ದು ಇದ್ದ ಹಾಗೆ ಹೋಗುತ್ತದೆ. ನಮ್ಮ ಕಡೆ ಆಷಾಢದ ಮಳೆ ಹೆಂಚಿನ ಮೇಲೆ ಬೀಳುವಾಗ ಇದ್ಯಾವುದೂ ನಡೆಯುವುದಿಲ್ಲ, ಆಗ ಬರೀ ಬರೆಯುತ್ತೇನೆ.

ಯಾರ ಮಾತು ಕೇಳಬೇಕು ಅಂದಿರಲ್ಲ. ನನ್ನ ಅನುಭವದಲ್ಲಿ ಕೇಳುಗರು ತೋರಿಸುವ ಜಾಗ ಸಾಮಾನ್ಯವಾಗಿ ಸರಿ ಇರುತ್ತದೆ, ಅವರು ಹೇಳುವ ಮದ್ದು ಎಷ್ಟೋ ಸಲ ಸರಿ ಇರುವುದಿಲ್ಲ. ಅಡಿಕೆ ಕೊಯ್ಲಿನ ಮೇಲಿನ ಹಾಡಿಗೆ ಒಬ್ಬರು 'ಮೂರನೇ ಚರಣಕ್ಕೆ ತಬಲಾ ಸೇರಿಸಿ' ಅಂದರು. ಇನ್ನೊಬ್ಬರು 'ಅಲ್ಲಿ ಆಲಾಪ ಬೇಕಿತ್ತು' ಅಂದರು. ಮತ್ತೊಬ್ಬರು 'ಮೂರನೇ ಚರಣಕ್ಕೆ ಬರುವಷ್ಟರಲ್ಲಿ ಉದ್ದವಾಯಿತು' ಅಂತ ಬಿಟ್ಟರು. ಮೂರೂ ಒಂದಕ್ಕೊಂದು ಹೊಂದದ ಸಲಹೆ, ಆದರೆ ಮೂವರ ಬೆರಳೂ ಮೂರನೇ ಚರಣದ ಮೇಲೇ ಇತ್ತು. ಹಾಳೆ ತೆಗೆದು ಓದಿದರೆ, ಎರಡನೇ ಚರಣದಲ್ಲಿ ಹೇಳಿದ್ದನ್ನೇ ಅಲ್ಲಿ ಬೇರೆ ಪ್ರಾಸದಲ್ಲಿ ಹೇಳಿದ್ದೆ. ತಬಲಾ ಸೇರಿಸಲಿಲ್ಲ, ಚರಣವನ್ನೇ ತೆಗೆದೆ. ಆ ಪ್ರಾಸ ನನಗೆ ಬಹಳ ಇಷ್ಟವಿತ್ತು, ಇವತ್ತಿಗೂ ಆ ನಾಲ್ಕು ಸಾಲು ಡೈರಿಯಲ್ಲಿವೆ. ಐದು ನಿಮಿಷದ ಹಾಡು ಮೂರು ಮುಕ್ಕಾಲಕ್ಕೆ ಬಂತು.

ಒಬ್ಬರೇ ಹೇಳಿದ್ದನ್ನು ಒಂದು ವಾರ ಪಕ್ಕಕ್ಕಿಡಿ, ಇಬ್ಬರು ಮೂವರು ಅದೇ ಜಾಗ ತೋರಿಸಿದರೆ ಅಂದೇ ಹಾಳೆ ತೆಗೆಯಿರಿ. ಬಳೆ-ಬಾಳೆಯಂಥದ್ದಕ್ಕೆ ಮಾತ್ರ ಒಬ್ಬರೇ ಸಾಕು, ಅದನ್ನು ನಾವೇ ಕೇಳಿ ಪರೀಕ್ಷಿಸಬಹುದು. ಜಾಗವನ್ನೇ ಹೇಳದ ಮಾತು, ಹೊಗಳಿಕೆಯಾಗಲಿ ತೆಗಳಿಕೆಯಾಗಲಿ, ಅದಕ್ಕೆ ಒಂದು ನಮಸ್ಕಾರ ಹೇಳಿ ಮುಂದಕ್ಕೆ ಹೋಗಿ. ಯಾರ ಜೊತೆಗೂ ವಾದಕ್ಕೆ ಇಳಿಯಬೇಡಿ. ವಾದ ಮಾಡಿದರೆ ಮುಂದಿನ ಹಾಡಿಗೆ ಅವರು ಏನನ್ನೂ ಹೇಳುವುದಿಲ್ಲ.

'ಕದ್ದರೆ?' ಅಂತಲೂ ಕೇಳಿದ್ದೀರಿ. ನೀವೇ ಬರೆದು ನೀವೇ ರಾಗ ಹಾಕಿದ್ದರೆ ಹಕ್ಕುಸ್ವಾಮ್ಯ ಬರೆದಿಟ್ಟ ಗಳಿಗೆಯಿಂದಲೇ ನಿಮ್ಮದು, ನೋಂದಣಿ ಕಡ್ಡಾಯವಲ್ಲ. ತಾರೀಖು ಸಮೇತ ಒಂದು ಪ್ರತಿಯನ್ನು ನಿಮಗೇ ಇಮೇಲ್ ಮಾಡಿಟ್ಟುಕೊಂಡರೆ ಮುಂದೆ ಹೇಳಿಕೊಳ್ಳಲು ಒಂದು ಆಧಾರವಾದರೂ ಇರುತ್ತದೆ. ಬೇರೆ ಕವಿಗಳ ಕವಿತೆಗೆ ರಾಗ ಹಾಕುವಾಗ ಮಾತ್ರ ಜಾಗ್ರತೆ: ನಮ್ಮ ದೇಶದ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಕವಿ ತೀರಿಕೊಂಡ ಮೇಲೂ 60 ವರ್ಷ ಹಕ್ಕು ಅವರ ಕಡೆಯವರದ್ದು, ಒಪ್ಪಿಗೆ ಪಡೆಯಬೇಕು.

ಇನ್ನೊಂದು ಕೆಲಸ ಮಾಡಿ. ನಿಮ್ಮ ಹಾಗೇ ಮನೆಯಲ್ಲಿ ಕೂತು ಹಾಡುವವರ ಹಾಡುಗಳನ್ನು ಕೇಳಿ, ಎಷ್ಟನೇ ಸೆಕೆಂಡಿನಲ್ಲಿ ಏನನ್ನಿಸಿತು ಅಂತ ಬರೆದು ಕಳಿಸಿ. ಬೇರೆಯವರ ಹಾಡಿನಲ್ಲಿ ಎಳೆದ ಹ್ರಸ್ವವೊಂದನ್ನು ಹಿಡಿದ ವಾರವೇ ನನ್ನ ಹಾಡಿನಲ್ಲಿ ಅಂಥವು ಎರಡು ಸಿಕ್ಕಿದವು.

ಆ 'ಚೆನ್ನಾಗಿಲ್ಲ' ಅನ್ನಿಸಿಕೊಂಡ ಹಾಡನ್ನೇ ಸಾಹಿತ್ಯ ಕೊಡದೆ ಇಲ್ಲಿ ಕೆಳಗೆ ಹಾಕಿ. ಇವತ್ತು ರಾತ್ರಿ ಇಯರ್‌ಫೋನ್ ಹಾಕಿಕೊಂಡು ಎರಡು ಸಲ ಕೇಳಿ, ಪಲ್ಲವಿ ನನಗೆ ಕೇಳಿಸಿದಂತೆ ಬರೆದು ಕಳಿಸುತ್ತೇನೆ.