ಕಲ್ಲಿದ್ದಲ ಪುಡಿ ನೀರಿನ ಮೇಲೆ ತೇಲುತ್ತದೆ, ಸೋಪು ಬೆರೆಸಿದರೆ ಮುಳುಗುತ್ತದೆ. ಯಾಕೆ?

ಚಿಕ್ಕಮಗಳೂರಿನ ಕಡೆ ಮಳೆಗಾಲದಲ್ಲಿ ಕೆಸುವಿನ ಎಲೆ ನೋಡಿದ್ದೀರಿ ಅಲ್ವಾ? ನೀರು ಮುತ್ತಾಗಿ ಉರುಳಿ ಹೋಗುತ್ತದೆ, ಎಲೆ ಒದ್ದೆಯಾಗುವುದೇ ಇಲ್ಲ. ಕಲ್ಲಿದ್ದಲಿನ ಮೈಗೂ ನೀರು ಅಷ್ಟಾಗಿ ಹಿಡಿಯುವುದಿಲ್ಲ, ಅದರಲ್ಲಿ ಇಂಗಾಲವೇ ಜಾಸ್ತಿ. ನೀರಿನ ಮೇಲ್ಮೈ ಸೆಳೆತವೂ, ಅಂದರೆ ಮೇಲ್ಪದರವನ್ನು ಬಿಗಿಯಾಗಿ ಹಿಡಿದಿಡುವ ಬಲವೂ ಜಾಸ್ತಿ: 25 ಡಿಗ್ರಿಯಲ್ಲಿ ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಅದಕ್ಕೇ ನೆನೆಯದ ಪುಡಿ ಆ ಪದರದ ಮೇಲೆಯೇ ನಿಲ್ಲುತ್ತದೆ.

ಸೋಪಿನಂಥ ಸರ್ಫ್ಯಾಕ್ಟಂಟ್ ಅಣುವಿಗೆ ನೀರಿಗೆ ಒಗ್ಗುವ ತಲೆ, ನೀರಿಗೆ ಒಗ್ಗದ ಬಾಲ ಇರುತ್ತವೆ. ಬಾಲ ಕಲ್ಲಿದ್ದಲಿಗೆ ಅಂಟುತ್ತದೆ, ತಲೆ ನೀರಿನ ಕಡೆ ನಿಲ್ಲುತ್ತದೆ. ನೀರಿನ ಸೆಳೆತವೂ ಅರ್ಧಕ್ಕಿಂತ ಕೆಳಗೆ ಇಳಿಯಬಹುದು. ಹನಿ ಚಪ್ಪಟೆಯಾಗಿ ಹರಡಿ ಪುಡಿ ನೆನೆಯುತ್ತದೆ, ಮುಳುಗುತ್ತದೆ. ಗಣಿಗಳಲ್ಲಿ ದೂಳು ಅಡಗಿಸುವ ನೀರಿಗೆ ಇದನ್ನು ಸೇರಿಸುವುದು ಅದಕ್ಕೇ. ಆ ದೂಳು ಕೆಲಸಗಾರರ ಶ್ವಾಸಕೋಶಕ್ಕೆ ಇಳಿಯುತ್ತದೆ, ಸುಮ್ನೆ ಬಿಡುವ ವಿಷಯವಲ್ಲ.

ಹಾಗಂತ ಯಾವುದೋ ಒಂದನ್ನು ಸುರಿದರೆ ಆಗುವುದಿಲ್ಲ. ಗಾಳಿಗೆ ಬಿದ್ದು ಹಳತಾದ ಕಲ್ಲಿದ್ದಲಿನ ಮೈಮೇಲೆ ಸಾಮಾನ್ಯವಾಗಿ ಋಣ ವಿದ್ಯುದಂಶ ಇರುತ್ತದೆ. ಧನ ವಿದ್ಯುದಂಶದ ತಲೆಯಿರುವ ಸರ್ಫ್ಯಾಕ್ಟಂಟ್ ಹಾಕಿದರೆ ತಲೆಯೇ ಮೈಗೆ ಅಂಟಿ, ಬಾಲ ಹೊರಗೆ ಚಾಚಿಕೊಳ್ಳಬಹುದು. ಆಗ ಕಲ್ಲಿದ್ದಲು ನೀರನ್ನು ಮೊದಲಿಗಿಂತ ಜಾಸ್ತಿ ದೂರ ತಳ್ಳುತ್ತದೆ.