ಪ್ರಶ್ನೆ ಕೇಳಿ, ಆಮೇಲೆ ಸುಮ್ನಿರಿ

ಪ್ರಶ್ನೆ: ಎಂಟನೇ ಕ್ಲಾಸಿಗೆ ಭಾಷಾ ಪಾಠ ಮಾಡುತ್ತೇನೆ. ಕತೆ ಓದಿ, ಅರ್ಥ ಹೇಳಿ, ಪ್ರಶ್ನೆ ಕೇಳಿದರೆ ಒಬ್ಬರೂ ಬಾಯಿ ಬಿಡುವುದಿಲ್ಲ. ಕೊನೆಗೆ ನಾನೇ ಉತ್ತರ ಹೇಳಿ ನೋಟ್ಸ್ ಬರೆಸುತ್ತೇನೆ. ಬೇರೆ ದಾರಿ ಇದೆಯಾ?

ಉತ್ತರ: ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾಯುತ್ತೀರಿ ಮೇಡಂ? ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ಪಾಠಗಳನ್ನು ಟೇಪ್ ಮಾಡಿ ಕೇಳಿದಾಗ, ಶಿಕ್ಷಕರು ಕಾಯುತ್ತಿದ್ದದ್ದು ಹೆಚ್ಚೂಕಡಿಮೆ ಒಂದೇ ಸೆಕೆಂಡು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಅಲ್ಲಿಯವರೆಗೆ ಸುಮ್ಮನಿದ್ದ ಮಕ್ಕಳೂ ಮಾತಾಡತೊಡಗಿದರು. ಅವರು ನೋಡಿದ್ದು ವಿಜ್ಞಾನದ ಪಾಠಗಳನ್ನು. ಕತೆಗಾದರೆ ಇನ್ನೂ ಜಾಸ್ತಿ ಹೊತ್ತು ಬೇಕು ಅಂತ ನನ್ನ ಲೆಕ್ಕ. ಮೂರು ಸೆಕೆಂಡಿನ ಮೌನ ಮೇಜಿನ ಈಚೆ ನಿಂತವರಿಗೆ ಒಂದು ಯುಗದ ಹಾಗೆ ಅನಿಸುತ್ತದೆ, ಅದು ಬೇರೆ ಮಾತು.

ಕೇಳುವ ಪ್ರಶ್ನೆಯನ್ನೂ ಸ್ವಲ್ಪ ನೋಡಿಕೊಳ್ಳಿ. ಕತೆಯಲ್ಲಿ ಹೀಗಿದೆ ಅಂದುಕೊಳ್ಳಿ: 'ಅಪ್ಪ ಪತ್ರ ಓದಿದ. ಮಡಚಿ ಜೇಬಿಗೆ ಹಾಕಿಕೊಂಡ. ಯಾರೊಂದಿಗೂ ಮಾತಾಡಲಿಲ್ಲ.' ಪತ್ರ ಬರೆದವರು ಯಾರು ಅಂತ ಕೇಳಿದರೆ ಉತ್ತರ ಗೈಡಿನಲ್ಲೇ ಇರುತ್ತದೆ, ಮೊದಲ ಬೆಂಚಿನವರು ಹೇಳಿ ಮುಗಿಸುತ್ತಾರೆ. ಅದರ ಬದಲು, ಹರಿದು ಎಸೆಯದೆ ಜೇಬಿಗೆ ಯಾಕೆ ಹಾಕಿಕೊಂಡ ಅಂತ ಕೇಳಿ ನೋಡಿ. ಒಬ್ಬಳು ಸಿಟ್ಟು ಅನ್ನುತ್ತಾಳೆ, ಇನ್ನೊಬ್ಬ 'ಇಲ್ಲ ಮಿಸ್, ಆಮೇಲೆ ಒಬ್ಬನೇ ಮತ್ತೆ ಓದೋಕೆ' ಅನ್ನುತ್ತಾನೆ. ಈಗ ಇಬ್ಬರಿಗೂ ಒಂದೇ ಮಾತು ಹೇಳಿ: ಹಾಗನಿಸಿದ್ದು ಯಾವ ಸಾಲಿನಿಂದ, ತೋರಿಸಿ. ಮಕ್ಕಳು ಪುಸ್ತಕದ ಹಿಂದಿನ ಪುಟಕ್ಕೆ ಹೋಗಿ ಹುಡುಕತೊಡಗಿದರೆ ಅವತ್ತಿನ ಪಾಠ ಆಯಿತು, ನೋಟ್ಸ್ ನಾಳೆ ಬರೆಸಿದರೂ ನಡೆಯುತ್ತದೆ. ಅರ್ಥ ಹುಟ್ಟುವುದು ಓದುಗ ಮತ್ತು ಬರಹ ಎರಡೂ ಸೇರಿದಾಗ ಎಂದು ಅಮೆರಿಕದ ಸಾಹಿತ್ಯ ಅಧ್ಯಾಪಕಿ ಲೂಯಿಸ್ ರೋಸೆನ್‌ಬ್ಲಾಟ್ 1938ರಲ್ಲೇ ವಾದಿಸಿದ್ದರು. ಹಾಗಂತ ಬಾಯಿಗೆ ಬಂದದ್ದೆಲ್ಲ ಅರ್ಥ ಅಂತಲ್ಲ, ಸಾಲಿನ ಆಧಾರ ಬೇಕೇ ಬೇಕು.

ಪೋರ್ಷನ್ ಮುಗಿಯಲ್ಲ ಅನ್ನುತ್ತೀರಿ, ಗೊತ್ತು. ಎಲ್ಲ ಪಾಠಕ್ಕೂ ಹೀಗೆ ಮಾಡಬೇಡಿ. ನಿಮಗೆ ನಿಜವಾಗಿ ಇಷ್ಟವಾದ ಎರಡು ಮೂರು ಪಾಠ ಆರಿಸಿಕೊಳ್ಳಿ, ಉಳಿದದ್ದನ್ನು ಬೇಗ ಓಡಿಸಿ.

ಪ್ರಶ್ನೆ: ಮಗಳಿಗೆ ಗಣಿತ, ವಿಜ್ಞಾನದಲ್ಲಿ ಆಸಕ್ತಿ. ಕತೆ ಕವಿತೆ ಓದಿ ಏನಾಗಬೇಕು? ಸಾಹಿತ್ಯ ಓದಿದವರು ಒಳ್ಳೆಯವರಾಗುತ್ತಾರೆ ಅನ್ನುತ್ತಾರಲ್ಲ, ಹೌದಾ?

ಉತ್ತರ: ಓದಿಯೂ ಕೆಟ್ಟವರಾಗಿಯೇ ಉಳಿದವರು ಬೇಕಾದಷ್ಟು ಜನ ಇದ್ದಾರೆ! ಸಾಹಿತ್ಯದ ಕತೆ ಓದಿದ ತಕ್ಷಣ ಬೇರೆಯವರ ಮನಸ್ಸನ್ನು ಊಹಿಸುವ ಶಕ್ತಿ ಸ್ವಲ್ಪ ಚುರುಕಾಗುತ್ತದೆ ಎಂದು 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು, ದೊಡ್ಡ ಸುದ್ದಿಯೂ ಆಯಿತು. ಆಮೇಲೆ ಬೇರೆಯವರು ಅದೇ ಪ್ರಯೋಗ ಮಾಡಿದಾಗ ಆ ಫಲ ಸಿಗಲಿಲ್ಲ. ಹಾಗಾಗಿ ಆ ಭರವಸೆ ನಾನು ಕೊಡುವುದಿಲ್ಲ.

ಪದಗಳ ವಿಷಯಕ್ಕೆ ಬಂದರೆ ಧೈರ್ಯವಾಗಿ ಹೇಳಬಹುದು. ಓದಿಕೊಂಡ ದೊಡ್ಡವರು ಪರಸ್ಪರ ಆಡುವ ಮಾತಿಗಿಂತ ಮಕ್ಕಳ ಪುಸ್ತಕಗಳಲ್ಲೇ ಅಪರೂಪದ ಪದಗಳು ಜಾಸ್ತಿ ಎಂದು 1988ರಲ್ಲಿ ಇಂಗ್ಲಿಷಿನ ಮಟ್ಟಿಗೆ ಎಣಿಸಿ ತೋರಿಸಿದ್ದಾರೆ. ಅಂದರೆ ಮನೆಯಲ್ಲಿ ಎಷ್ಟೇ ಚೆನ್ನಾಗಿ ಮಾತಾಡಿದರೂ ಕೆಲವು ಪದ ಪುಸ್ತಕದಲ್ಲೇ ಸಿಗಬೇಕು. ಗಣಿತದ ಲೆಕ್ಕವನ್ನೂ ಮೊದಲು ಓದಿಯೇ ಅರ್ಥ ಮಾಡಿಕೊಳ್ಳಬೇಕು ಅಲ್ವಾ? ಇನ್ನು, ಜೇಬಿಗೆ ಪತ್ರ ಹಾಕಿಕೊಂಡ ಆ ಅಪ್ಪನ ಬಗ್ಗೆ ಒಂದು ಗಳಿಗೆ ಯೋಚಿಸುವುದಕ್ಕೆ ಉಪಯೋಗದ ಲೆಕ್ಕ ಬೇಕೇ ಬೇಕು ಅಂತ ನನಗೆ ಅನಿಸುವುದಿಲ್ಲ.

ಪ್ರಶ್ನೆ: ಪದ್ಯ ಬಾಯಿಪಾಠ ಮಾಡಿಸುವುದು ತಪ್ಪೇ?

ಉತ್ತರ: ಖಂಡಿತ ತಪ್ಪಲ್ಲ. ಯಾವ ಪದ್ಯ ಅನ್ನುವುದನ್ನು ಮಕ್ಕಳೇ ಆರಿಸಲಿ. ಮೊದಲು ನೀವು ಗಟ್ಟಿಯಾಗಿ, ನಿಧಾನವಾಗಿ ಎರಡು ಸಲ ಓದಿ. ಮಧ್ಯೆ ಒಂದು ಸಾಲು ಮರೆತರೆ ಪಕ್ಕದವರು ಹೇಳಿಕೊಡಲಿ, ಮಾರ್ಕ್ಸ್ ಕಡಿಮೆ ಮಾಡಬೇಡಿ.